ಏಳು ವಾರದ ಕೂಸಿನ ಬೆವರುಸಾಲೆ, ಬೆನ್ನಿನ ಮೇಲೆ ಮಾತ್ರ ಉಳಿದದ್ದೇಕೆ? – ಒಂದು ಪ್ರಕರಣ ಅಧ್ಯಯನ

ಮೈಮೇಲೆ ಕೆಂಪು ಗುಳ್ಳೆ ಎದ್ದ ಕೂಸನ್ನು ಎತ್ತಿಕೊಂಡು ಬರುವ ಹೆತ್ತವರು ಮೊದಲು ಕೇಳುವುದು, 'ಏನು ಹಚ್ಚಬೇಕು ಡಾಕ್ಟ್ರೇ?' ಎಂದು. ಬೆವರುಸಾಲೆಯ ಮಟ್ಟಿಗೆ ಈ ಪ್ರಶ್ನೆ ನಮ್ಮನ್ನು ದಾರಿ ತಪ್ಪಿಸುತ್ತದೆ. ಇಲ್ಲಿ ಮೈಮೇಲಿಂದ ಏನನ್ನು ತೆಗೆಯಬೇಕು ಎಂಬುದೇ ಚಿಕಿತ್ಸೆಯ ಮುಕ್ಕಾಲು ಪಾಲು. ಆ 'ಏನು' ಯಾವುದು ಎಂಬುದಕ್ಕೆ ಗುಳ್ಳೆ ಎದ್ದ ಜಾಗದಲ್ಲೇ ಉತ್ತರ ಸಿಗುತ್ತದೆ. ಅದನ್ನು ತೋರಿಸಲೆಂದು ಒಂದು ಪ್ರಕರಣವನ್ನು ಮೊದಲಿಂದ ಕೊನೆಯವರೆಗೆ ಬರೆದಿದ್ದೇನೆ. ಇದು ಯಾರೋ ಒಬ್ಬರ ಮಗುವಿನ ದಾಖಲೆಯಲ್ಲ. ಇಂಥ ಮಕ್ಕಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಒಂದೇ ಕೂಸಿನ ಸುತ್ತ ಹೆಣೆದಿದ್ದೇನೆ.

ಬಂದಾಗಿನ ಸ್ಥಿತಿ

ಏಳು ವಾರದ ಹೆಣ್ಣುಕೂಸು. ದಿನ ತುಂಬಿ ಹುಟ್ಟಿದ್ದು. ಹುಟ್ಟಿದಾಗ 3.1 ಕಿಲೋ ಇದ್ದದ್ದು ಈಗ 4.6 ಕಿಲೋ. ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಲಿಲ್ಲ. ಸೆಕೆ ಜೋರಾಗಿದ್ದ ದಿನಗಳು. ಗಾಳಿಯಲ್ಲಿ ತೇವವೂ ಹೆಚ್ಚು. ವಾರದ ಹಿಂದೆ ಕೂಸು ಎರಡು ಮೂರು ಸಲ ಸೀನಿತ್ತು. ನೆಗಡಿ ಶುರುವಾಯಿತೆಂದು ಮನೆಯವರು ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿದರು. ಒಳಂಗಿಯ ಮೇಲೆ ತುಂಬುತೋಳಿನ ಅಂಗಿ, ತಲೆಗೆ ಟೋಪಿ, ಕಾಲಿಗೆ ಚೀಲ, ಇವೆಲ್ಲದರ ಮೇಲೆ ಬಿಗಿಯಾಗಿ ಸುತ್ತಿದ ಹೊದಿಕೆ. ಮರುದಿನ ಕತ್ತಿನ ಮಡಿಕೆಯಲ್ಲಿ ಕೆಂಪು ಚುಕ್ಕೆಗಳು ಕಂಡವು. ಆಮೇಲೆ ಎದೆ, ಕಂಕುಳು, ಬೆನ್ನು.

ಮೊದಲು ಪೌಡರ್ ಹಾಕಿದರು. ಅದು ಬೆವರಿಗೆ ಕಲಸಿ ಕತ್ತಿನ ಮಡಿಕೆಯಲ್ಲಿ ಉಂಡೆಗಟ್ಟಿತು. ಮರುದಿನ ಡೈಪರ್ ಹಾಕುವ ಜಾಗಕ್ಕೆಂದು ತಂದಿಟ್ಟಿದ್ದ ದಪ್ಪ ಮುಲಾಮನ್ನು ಎದೆ-ಬೆನ್ನಿಗೆಲ್ಲ ಸವರಿದರು. ಗುಳ್ಳೆ ಹೆಚ್ಚಾಯಿತು. ಕೊನೆಗೆ ಮನೆಯಲ್ಲಿ ದೊಡ್ಡವರೊಬ್ಬರಿಗೆ ತುರಿಕೆಗೆಂದು ಬರೆದುಕೊಟ್ಟಿದ್ದ ಟ್ಯೂಬು ಹೊರಬಂತು. ತಾಯಿ ಅದನ್ನು ಚೀಲದಲ್ಲೇ ತಂದಿದ್ದರು, ಅದು ಒಳ್ಳೆಯದಾಯಿತು. ಹಿಂಬದಿಯ ಸಣ್ಣ ಅಕ್ಷರ ಓದಿದರೆ ಒಂದು ತೀಕ್ಷ್ಣ ಸ್ಟೀರಾಯ್ಡ್, ಒಂದು ಶಿಲೀಂಧ್ರನಾಶಕ, ಒಂದು ಆ್ಯಂಟಿಬಯಾಟಿಕ್ ಮೂರೂ ಕೂಡಿಸಿದ ಕ್ರೀಮು. ಎರಡು ದಿನ ಹಚ್ಚಿದ್ದರು. ಮೊದಲ ದಿನ ಕೆಂಪು ಸ್ವಲ್ಪ ಇಳಿದಂತೆ ಕಂಡಿತು, ಎರಡನೇ ದಿನ ಕೆಲವು ಗುಳ್ಳೆಗಳ ತುದಿ ಬಿಳಿಯಾಯಿತು. ಕೀವು ಕಟ್ಟಿದೆ ಎಂದು ಗಾಬರಿಯಾಗಿ ಓಡಿಬಂದರು.

ಈ ಮನೆಯವರು ಮಾಡಿದ್ದೆಲ್ಲ ಮಗುವಿನ ಮೇಲಿನ ಅಕ್ಕರೆಯಿಂದ. ಬೆಚ್ಚಗಿಡುವುದು ತಪ್ಪೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹುಟ್ಟಿದ ಮೊದಲ ದಿನಗಳಲ್ಲಿ ಬೆಚ್ಚಗಿಡಿ ಎಂದು ನಾವೇ ಹೇಳಿ ಕಳಿಸುತ್ತೇವೆ. ಎಷ್ಟು ಬೆಚ್ಚಗೆ, ಎಲ್ಲಿಯವರೆಗೆ ಎಂದು ಬಿಡಿಸಿ ಹೇಳುವುದು ಕಡಿಮೆ. ಅದಕ್ಕೇ ಇಂಥ ಹೆತ್ತವರನ್ನು ಗದರಿಸುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಕಂಕುಳಲ್ಲಿಟ್ಟ ಥರ್ಮಾಮೀಟರ್ 37.9 ಡಿಗ್ರಿ ಸೆಲ್ಸಿಯಸ್ ತೋರಿಸಿತು. ಇಲ್ಲಿ ಸ್ವಲ್ಪ ನಿಲ್ಲಬೇಕು. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಮುಟ್ಟಿತೆಂದರೆ ಅದನ್ನು ಜ್ವರವೆಂದೇ ಎಣಿಸಿ, ಒಳಗೆಲ್ಲೋ ಸೋಂಕು ಇರಬಹುದೆಂದು ಪರೀಕ್ಷೆ ಮಾಡುತ್ತೇವೆ. ಬಿಗಿಯಾಗಿ ಸುತ್ತಿದ ಕೂಸಿನ ಮೈ ಜ್ವರವಿಲ್ಲದೆಯೂ ಬಿಸಿಯಾಗುತ್ತದೆ ಎಂಬುದೂ ನಿಜ. ಹೊದಿಕೆ, ಟೋಪಿ, ಮೇಲಂಗಿ ಎಲ್ಲ ಬಿಚ್ಚಿ, ಗಾಳಿಯಾಡುವ ಕೋಣೆಯಲ್ಲಿ ತಾಯಿಯ ಮಡಿಲಲ್ಲಿ ಹಾಲು ಕುಡಿಯಲು ಬಿಟ್ಟೆವು. ಇಪ್ಪತ್ತು ನಿಮಿಷದ ಮೇಲೆ ಮತ್ತೆ ನೋಡಿದರೆ 37.0. ಮಗು ಚುರುಕಾಗಿ ಚೀಪುತ್ತಿತ್ತು, ಅತ್ತ ದನಿಯಲ್ಲಿ ಬಲವಿತ್ತು, ನೆತ್ತಿಯ ಮೆದುಭಾಗ ಉಬ್ಬದೆ ಕುಸಿಯದೆ ಸಮವಾಗಿತ್ತು, ದಿನಕ್ಕೆ ಏಳೆಂಟು ಸಲ ಉಚ್ಚೆ ಹೊಯ್ಯುತ್ತಿತ್ತು. ಇಷ್ಟೆಲ್ಲ ಸರಿಯಿದ್ದುದರಿಂದ ರಕ್ತಪರೀಕ್ಷೆಗೆ ಹೋಗಲಿಲ್ಲ. ಮನೆಯಲ್ಲೇ 38 ಕಂಡಿದ್ದರೆ, ಅಥವಾ ಬಟ್ಟೆ ಬಿಚ್ಚಿದ ಮೇಲೂ ಮೈ ಬಿಸಿ ಉಳಿದಿದ್ದರೆ, ಅಥವಾ ಕೂಸು ಮಂಕಾಗಿದ್ದರೆ ಈ ಕಥೆಯೇ ಬೇರೆಯಾಗುತ್ತಿತ್ತು. 'ಸೆಕೆಗೆ ಮೈ ಬಿಸಿಯಾಗಿದೆ' ಎಂದು ಮನೆಯಲ್ಲೇ ತೀರ್ಮಾನಿಸಿ ಸುಮ್ಮನಾಗಬಾರದು.

ಮೈಮೇಲಿನ ನಕ್ಷೆ

ಬೆವರುಸಾಲೆಯನ್ನು ಗುರುತಿಸಲು ಬಹುಪಾಲು ಸಲ ಕಣ್ಣು ಸಾಕು, ಆದರೆ ಪೂರ್ತಿ ಬಿಚ್ಚಿ ನೋಡಬೇಕು. ಈ ಕೂಸಿನ ಕತ್ತಿನ ಹಿಂಭಾಗಕ್ಕೆ ಬೆರಳಿಟ್ಟರೆ ಅಂಗಿಯ ಕಾಲರಿನೊಳಗೆ ಚರ್ಮ ಅಂಟಂಟಾಗಿತ್ತು. ಬೆರಳಿಗೆ ಮುಲಾಮಿನ ಜಿಡ್ಡು ಹತ್ತಿತು. ಕತ್ತಿನ ಮಡಿಕೆಯನ್ನು ಮೆಲ್ಲಗೆ ಬಿಡಿಸಿದಾಗ ಎರಡು ಮೂರು ಮಿಲಿಮೀಟರಿನ ಕೆಂಪು ಗುಳ್ಳೆಗಳು ಒತ್ತೊತ್ತಾಗಿ ಎದ್ದಿದ್ದವು, ಸುತ್ತಲಿನ ಚರ್ಮವೂ ಕೆಂಪಗಿತ್ತು. ಎದೆಯ ಮೇಲ್ಭಾಗ, ಎರಡೂ ಕಂಕುಳು ಹಾಗೇ. ಬೆನ್ನಿನ ಮೇಲೆ ಹೆಗಲಿಂದ ಸೊಂಟದವರೆಗೂ ಹರಡಿದ್ದು, ಡೈಪರಿನ ಪಟ್ಟಿಯ ಹತ್ತಿರ ಇನ್ನಷ್ಟು ದಟ್ಟವಾಗಿತ್ತು. ಬಲಗೆನ್ನೆ ಮತ್ತು ಬಲಗಿವಿಯ ಹಿಂದೆ ಒಂದು ಗುಂಪು. ಎಡಗೆನ್ನೆ ಪೂರ್ತಿ ಸ್ವಚ್ಛ. ಹಣೆಯಲ್ಲಿ ಟೋಪಿಯ ಅಂಚು ಕೂರುವ ಗೆರೆಗುಂಟ ಬೇರೆಯದೇ ಬಗೆಯ ಗುಳ್ಳೆ: ಕೆಂಪಿಲ್ಲದ, ಒಂದು ಮಿಲಿಮೀಟರಿನ ತಿಳಿನೀರ ಗುಳ್ಳೆಗಳು, ಎಲೆಯ ಮೇಲಿನ ಇಬ್ಬನಿಯ ಹಾಗೆ. ಒದ್ದೆ ಹತ್ತಿಯಿಂದ ಒರೆಸಿದರೆ ಒಡೆದುಹೋಗುತ್ತಿದ್ದವು. ಅಂಗೈ, ಅಂಗಾಲುಗಳಲ್ಲಿ ಒಂದೂ ಇಲ್ಲ.

ಭೂತಗನ್ನಡಿ ಹಿಡಿದು ನೋಡಿದಾಗ ಗುಳ್ಳೆಗಳ ನಡುವಿಂದ ಕೂದಲು ಹೊರಟಿರಲಿಲ್ಲ. ಇದು ಸಣ್ಣ ಸಂಗತಿ ಅನ್ನಿಸಬಹುದು, ಆದರೆ ಬಹಳ ಉಪಯೋಗದ್ದು. ಕೂದಲ ಬುಡದ ಸೋಂಕಾದರೆ ಪ್ರತಿ ಗುಳ್ಳೆಯ ನಡುವೆ ಒಂದು ಕೂದಲು ಇರುತ್ತದೆ. ಬೆವರುನಾಳಗಳು ತೆರೆದುಕೊಳ್ಳುವುದು ಕೂದಲುಗಳ ನಡುವಿನ ಖಾಲಿ ಜಾಗದಲ್ಲಿ.

ಈಗ ಈ ನಕ್ಷೆಯನ್ನು ಓದಬಹುದು. ಟೋಪಿಯ ಅಂಚು, ಅಂಗಿಯ ಕಾಲರು, ಡೈಪರಿನ ಪಟ್ಟಿ, ಚರ್ಮಕ್ಕೆ ಚರ್ಮ ತಾಗುವ ಮಡಿಕೆಗಳು – ಬೆವರು ಆರದ ಜಾಗಗಳಲ್ಲೆಲ್ಲ ಗುಳ್ಳೆ. ಬಲಗೆನ್ನೆ ಏಕೆ ಎಂದು ತಾಯಿಯನ್ನು ಕೇಳಿದೆ. ಮಗುವನ್ನು ಎತ್ತಿಕೊಂಡು ತೋರಿಸಿದರು: ಹಾಲು ಕುಡಿದು ನಿದ್ದೆ ಹೋದ ಕೂಸಿನ ಬಲಗೆನ್ನೆ ಅವರ ಮೊಣಕೈ ಮಡಿಕೆಯಲ್ಲಿ ಕೂರುತ್ತಿತ್ತು. ಒಂದೊಂದು ಸಲ ಮುಕ್ಕಾಲು ಗಂಟೆ ಅಲ್ಲೇ. ಬೆನ್ನಿಗೆ ಕಾರಣ ಬಟ್ಟೆಯ ಪದರಗಳು ಎಂದುಕೊಂಡೆವು. ಆ ಉತ್ತರ ಪೂರ್ತಿಯಾಗಿರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಬೇರೇನಾದರೂ ಇರಬಹುದೇ?

ಚಿಕ್ಕ ಕೂಸಿನ ಮೈಮೇಲೆ ಬಿಳಿತುದಿಯ ಗುಳ್ಳೆ ಕಂಡಾಗ ಬೆವರುಸಾಲೆ ಎಂದು ತಟ್ಟನೆ ಹೇಳಿಬಿಡುವುದು ಸಲ್ಲದು. ಹುಟ್ಟಿದ ಎರಡು ಮೂರು ದಿನದಲ್ಲಿ ಏಳುವ, ಕೆಂಪು ಮಚ್ಚೆಯ ನಡುವೆ ಹಳದಿ ಚುಕ್ಕೆಯ ನಿರಪಾಯದ ದದ್ದು ಒಂದಿದೆ. ಏಳು ವಾರಕ್ಕೆ ಅದರ ಕಾಲ ಮುಗಿದಿರುತ್ತದೆ. ಎಳೆಮಕ್ಕಳ ಮೊಡವೆ ಮುಖದ ಮೇಲೆಯೇ ಹೆಚ್ಚು. ಅದು ಎರಡೂ ಕೆನ್ನೆಗೆ ಬರುತ್ತದೆ, ಬಲಗೆನ್ನೆಯನ್ನು ಮಾತ್ರ ಆರಿಸಿಕೊಳ್ಳುವುದಿಲ್ಲ. ಕ್ಯಾಂಡಿಡಾ ಶಿಲೀಂಧ್ರವಾದರೆ ಮಡಿಕೆಯ ಆಳವೇ ಮಾಂಸದಂತೆ ಕಡುಕೆಂಪಾಗಿ ಒದ್ದೆಯಾಗಿದ್ದು, ಅಂಚಿನಾಚೆಗೆ ಬಿಡಿಬಿಡಿ ಗುಳ್ಳೆಗಳು ಚೆದುರಿರುತ್ತವೆ. ಕಜ್ಜಿಹುಳದ ತುರಿ ಎಳೆಕೂಸಿನಲ್ಲಿ ಅಂಗೈ-ಅಂಗಾಲನ್ನು ಸಾಮಾನ್ಯವಾಗಿ ಬಿಡುವುದಿಲ್ಲ, ಮನೆಯಲ್ಲಿ ಇನ್ಯಾರಿಗಾದರೂ ರಾತ್ರಿ ತುರಿಕೆ ಇರುತ್ತದೆ. ಇಸುಬಾದರೆ ಚರ್ಮ ಒಣಗಿ ಒರಟಾಗಿರುತ್ತದೆ.

ನಿಜವಾಗಿ ಹೆದರಬೇಕಾದವು ಎರಡು. ಒಂದು ಹರ್ಪಿಸ್ ಎಂಬ ವೈರಸ್ಸಿನ ಸೋಂಕು: ಒಂದೇ ಕಡೆ ಗೊಂಚಲಾಗಿ ಎದ್ದ ನೀರುಗುಳ್ಳೆಗಳು, ಆಮೇಲೆ ಹುಣ್ಣು, ಎಳೆಕೂಸಿನಲ್ಲಿ ಇದು ಜೀವಕ್ಕೇ ಕುತ್ತು. ಇನ್ನೊಂದು ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾದ ಸೋಂಕು: ದೊಡ್ಡ ಕೀವುಗುಳ್ಳೆ, ಒಡೆದರೆ ಜೇನಿನ ಬಣ್ಣದ ಹಕ್ಕಳೆ, ಸುತ್ತ ಬಿಸಿಯಾದ ಊತ. ಈ ಕೂಸಿನಲ್ಲಿ ಎರಡರ ಲಕ್ಷಣವೂ ಇರಲಿಲ್ಲ. ಆದರೂ ವಯಸ್ಸು ಚಿಕ್ಕದು, ಮೇಲಾಗಿ ಸ್ಟೀರಾಯ್ಡ್ ಬಿದ್ದಿದೆ. ಸ್ಟೀರಾಯ್ಡ್ ಚರ್ಮದ ಚಿತ್ರವನ್ನೇ ಮಸುಕು ಮಾಡುತ್ತದೆ. ಹಾಗಾಗಿ ಒಂದು ಬಿಳಿತುದಿಯ ಗುಳ್ಳೆಯಿಂದ ತುಸು ದ್ರವ ತೆಗೆದು ಕಳಿಸಿದೆವು. ಸೂಕ್ಷ್ಮದರ್ಶಕದಲ್ಲಿ ಬಿಳಿ ರಕ್ತಕಣಗಳಿದ್ದವು, ಬ್ಯಾಕ್ಟೀರಿಯಾ ಕಾಣಲಿಲ್ಲ; ಸೂಕ್ಷ್ಮಾಣುಗಳನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯಲ್ಲೂ ಏನೂ ಬೆಳೆಯಲಿಲ್ಲ. ಬೆವರುಸಾಲೆಯ ಗುಳ್ಳೆಯಲ್ಲಿ ಉರಿಯೂತ ಜೋರಾದಾಗ ಸೋಂಕಿಲ್ಲದೆಯೂ ಕೀವಿನಂಥದ್ದು ಸೇರುತ್ತದೆ. ವೈದ್ಯರು ಇದನ್ನು ಮಿಲಿಯೇರಿಯಾ ಪಸ್ಚುಲೋಸಾ ಅನ್ನುತ್ತಾರೆ. ಇದು ಗೊತ್ತಿಲ್ಲದೆ ಎಷ್ಟೋ ಮಕ್ಕಳಿಗೆ ಬೇಡದ ಆ್ಯಂಟಿಬಯಾಟಿಕ್ ಬೀಳುತ್ತದೆ.

ತೂಕದ ಮಾತನ್ನು ಮೊದಲೇ ಬರೆದದ್ದಕ್ಕೂ ಕಾರಣವಿದೆ. ಅಪರೂಪಕ್ಕೆ, ಉಪ್ಪನ್ನು ಮೈಯೊಳಗೇ ಉಳಿಸುವ ಆಲ್ಡೊಸ್ಟೀರೋನ್ ಹಾರ್ಮೋನಿಗೆ ದೇಹ ಸ್ಪಂದಿಸದ ಹುಟ್ಟುತೊಂದರೆಯಲ್ಲಿ ಬೆವರಿನ ಉಪ್ಪಿನಂಶ ವಿಪರೀತವಾಗಿ, ಇದೇ ಥರದ ಗುಳ್ಳೆಗಳು ಮತ್ತೆ ಮತ್ತೆ ಏಳುತ್ತವೆ. ಆ ಮಕ್ಕಳು ವಾಂತಿ ಮಾಡಿಕೊಂಡು, ತೂಕ ಏರದೆ ಸೊರಗುತ್ತಿರುತ್ತಾರೆ. ರಕ್ತದಲ್ಲಿ ಸೋಡಿಯಂ ಇಳಿದು ಪೊಟ್ಯಾಸಿಯಂ ಏರಿರುತ್ತದೆ. ನಮ್ಮ ಕೂಸು ದಿನಕ್ಕೆ ಸರಾಸರಿ 30 ಗ್ರಾಂನಷ್ಟು ಏರಿತ್ತು. ಆ ಅನುಮಾನವನ್ನು ಅಲ್ಲಿಗೇ ಬಿಡಬಹುದಿತ್ತು.

ನಾಳದೊಳಗೆ ನಡೆಯುವುದು

ಬೆವರುಗ್ರಂಥಿ ಇರುವುದು ಚರ್ಮದ ಆಳದಲ್ಲಿ. ಅಲ್ಲಿಂದ ಹೊರಟ ಸಣ್ಣ ನಾಳ ಹೊರಚರ್ಮದೊಳಗೆ ಸುರುಳಿ ಸುತ್ತುತ್ತ ಮೇಲೆ ಬಂದು ತೆರೆದುಕೊಳ್ಳುತ್ತದೆ. ಬೆವರು ಆರದೆ ಚರ್ಮ ಬಹುಹೊತ್ತು ಒದ್ದೆಯಾಗಿಯೇ ಇದ್ದರೆ ತೀರಾ ಮೇಲಿನ ಸತ್ತ ಪದರ ನೀರು ಕುಡಿದು ಉಬ್ಬುತ್ತದೆ, ನಾಳದ ಬಾಯಿ ಕಟ್ಟಿಕೊಳ್ಳುತ್ತದೆ. ಒಳಗೆ ಗ್ರಂಥಿ ತನ್ನ ಕೆಲಸ ನಿಲ್ಲಿಸುವುದಿಲ್ಲ. ಹೊರಗೆ ದಾರಿ ಸಿಗದ ಬೆವರು ನಾಳದ ಗೋಡೆ ಒಡೆದು ಚರ್ಮದೊಳಗೇ ಸೋರುತ್ತದೆ.

ಎಲ್ಲಿ ಕಟ್ಟಿತು ಎಂಬುದರ ಮೇಲೆ ಗುಳ್ಳೆಯ ರೂಪ. ತೀರಾ ಮೇಲೆ ಕಟ್ಟಿದರೆ ನೋವು-ತುರಿಕೆಯಿಲ್ಲದ ತಿಳಿನೀರ ಗುಳ್ಳೆ, ಈ ಕೂಸಿನ ಹಣೆಯಲ್ಲಿದ್ದದ್ದು. ಹುಟ್ಟಿದ ಮೊದಲೆರಡು ವಾರಗಳಲ್ಲಿ ಇದು ಸಾಮಾನ್ಯ; ದೊಡ್ಡ ಮಕ್ಕಳಲ್ಲೂ ಜ್ವರ ಬೆವರಾಗಿ ಇಳಿಯುವಾಗ ಕಾಣುತ್ತದೆ. ಹೊರಚರ್ಮದ ನಡುಭಾಗದಲ್ಲಿ ಕಟ್ಟಿದರೆ ಸೋರಿದ ಬೆವರು ಉರಿಯೂತ ಎಬ್ಬಿಸಿ ಕೆಂಪಾಗುತ್ತದೆ, ಚುಚ್ಚಿದಂತೆ ತುರಿಸುತ್ತದೆ. ಇನ್ನೂ ಕೆಳಗೆ ಕಟ್ಟುವ ಬಗೆಯೊಂದಿದೆ. ಮಕ್ಕಳಲ್ಲಿ ಅದು ಅಪರೂಪ.

ಚರ್ಮದ ಮೇಲೆ ಎಂದಿನಂತೆ ವಾಸಿಸುವ ಬ್ಯಾಕ್ಟೀರಿಯಾಗಳಿಗೂ ಇದರಲ್ಲಿ ಪಾಲಿದೆ. 1978ರಲ್ಲಿ ಹೋಲ್ಟ್ಸ್ಲೆ ಮತ್ತು ಕ್ಲಿಗ್‌ಮನ್ ಎಂಬ ಸಂಶೋಧಕರು ಸ್ವಯಂಸೇವಕರ ಚರ್ಮಕ್ಕೆ ಗಾಳಿಯಾಡದ ಪ್ಲಾಸ್ಟಿಕ್ ಹೊದಿಕೆ ಸುತ್ತಿ ಬೆವರುಸಾಲೆ ಬರಿಸಿ ನೋಡಿದರು. ಹೊದಿಕೆಯಡಿ ಬ್ಯಾಕ್ಟೀರಿಯಾ ಹೆಚ್ಚಿದಷ್ಟೂ ಗುಳ್ಳೆ ಹೆಚ್ಚಿತು. 1995ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ಇವುಗಳಲ್ಲೊಂದಾದ ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್ ಎಂಬ ಬ್ಯಾಕ್ಟೀರಿಯಾ ಸ್ರವಿಸುವ ಅಂಟುಪದಾರ್ಥ ನಾಳ ಕಟ್ಟಲು ನೆರವಾಗುತ್ತದೆಂದು ತೋರಿಸಿತು. ಹಾಗಾದರೆ ಬ್ಯಾಕ್ಟೀರಿಯಾ ಕೊಂದರಾಯಿತಲ್ಲ ಎಂದು ಕೇಳಬಹುದು. ಆ ಬ್ಯಾಕ್ಟೀರಿಯಾ ಮಿತಿಮೀರಿ ಬೆಳೆದದ್ದೇ ಒದ್ದೆಯಾದ, ಮುಚ್ಚಿದ ಚರ್ಮದಲ್ಲಿ. ಮುಚ್ಚಿದ್ದನ್ನು ತೆರೆದರೆ ಔಷಧವಿಲ್ಲದೆಯೇ ಅದು ತನ್ನ ಮಿತಿಗೆ ಬರುತ್ತದೆ.

ದಪ್ಪ ಮುಲಾಮು ಏಕೆ ಕೇಡು ಮಾಡಿತು ಎಂಬುದೂ ಇಲ್ಲಿಂದ ತಿಳಿಯುತ್ತದೆ. ಡೈಪರಿನಡಿ ಉಚ್ಚೆ ತಾಗದಿರಲೆಂದು ಚರ್ಮವನ್ನು ಮುಚ್ಚುವುದೇ ಅದರ ಕೆಲಸ. ಬೆನ್ನಿಗೆ ಸವರಿದಾಗ ಅದು ಅಲ್ಲಿಯೂ ಅದನ್ನೇ ಮಾಡಿತು. ಎಣ್ಣೆಯ ಮಾತೂ ಅಷ್ಟೇ.

ಎಳೆಮಕ್ಕಳಿಗೇ ಏಕೆ ಹೆಚ್ಚು ಎಂದರೆ, ಬೆವರುಗ್ರಂಥಿಗಳ ಎಣಿಕೆ ಹುಟ್ಟುವ ಮೊದಲೇ ತೀರ್ಮಾನವಾಗಿರುತ್ತದೆ. ದೊಡ್ಡ ಮೈಯಲ್ಲಿ ಹರಡಿಕೊಳ್ಳಬೇಕಾದಷ್ಟು ಗ್ರಂಥಿಗಳು ಕೂಸಿನ ಪುಟ್ಟ ಮೈಯಲ್ಲಿ ಒತ್ತೊತ್ತಾಗಿರುತ್ತವೆ, ನಾಳಗಳು ಇನ್ನೂ ಬಲಿತಿರುವುದಿಲ್ಲ. ಜೊತೆಗೆ ಕೂಸು ತಾನಾಗಿ ಹೊದಿಕೆ ಸರಿಸಲಾರದು, ಮಗ್ಗುಲಾಗಲಾರದು. ಸೆಕೆಯಾಗುತ್ತಿದೆ ಎಂದು ಅತ್ತರೂ ನಾವು ಹಸಿವೆಂದುಕೊಳ್ಳುತ್ತೇವೆ.

ಕೊಟ್ಟ ಸಲಹೆ

ಬರೆದುಕೊಟ್ಟ ಚೀಟಿಯಲ್ಲಿ ಔಷಧದ ಹೆಸರು ಒಂದೂ ಇರಲಿಲ್ಲ. ಚೀಟಿ ಖಾಲಿ ಅನ್ನಿಸಿದರೆ ಹೆತ್ತವರಿಗೆ ಸಮಾಧಾನವಾಗುವುದಿಲ್ಲ ಎಂಬುದು ಗೊತ್ತಿದ್ದೇ, ಒಂದೊಂದಕ್ಕೂ ಕಾರಣ ಹೇಳುತ್ತ ಹೋದೆ. ಆ ಮಾತಿಗೆ ಹಿಡಿದ ಸಮಯ ಪರೀಕ್ಷೆಗಿಂತ ಹೆಚ್ಚು.

ಎಲ್ಲ ಹಚ್ಚುವಿಕೆ ಇಂದಿನಿಂದ ನಿಲ್ಲಲಿ. ದಿನಕ್ಕೆ ಎರಡು ಸಲ ಉಗುರುಬೆಚ್ಚಗೂ ಅಲ್ಲದ, ಮೈಗೆ ಹಿತವೆನಿಸುವಷ್ಟು ತಂಪಾದ ನೀರಲ್ಲಿ ಸ್ವಲ್ಪ ಹೊತ್ತಿನ ಸ್ನಾನ. ಐಸು, ಕೊರೆಯುವ ನೀರು ಬೇಡ. ಜಿಡ್ಡು ಹೋಗಲೆಂದು ಮೊದಲ ದಿನ ಮಾತ್ರ ವಾಸನೆಯಿಲ್ಲದ ಮೆದು ಸಾಬೂನು. ಆಮೇಲೆ ತಿಕ್ಕದೆ, ಮೆತ್ತಗಿನ ಬಟ್ಟೆ ಒತ್ತಿ ಮಡಿಕೆಗಳನ್ನು ಒಣಗಿಸಿ, ಅಂಗಿ ಹಾಕುವ ಮುನ್ನ ಹತ್ತು ನಿಮಿಷ ಬರಿಮೈಗೆ ಗಾಳಿಯಾಡಲು ಬಿಡಬೇಕು. ಒಂದೇ ಒಂದು ಸಡಿಲ ಹತ್ತಿಯಂಗಿ. ಮನೆಯೊಳಗೆ ಟೋಪಿ ಬೇಡ. ಕೂಸಿನ ತಲೆ ಮೈಯ ಲೆಕ್ಕಕ್ಕೆ ದೊಡ್ಡದು, ಬಹಳಷ್ಟು ಬಿಸಿ ಅಲ್ಲಿಂದಲೇ ಹೊರಹೋಗಬೇಕು. ಮಲಗಿದ ಕೂಸು ಅತಿಯಾಗಿ ಬಿಸಿಯಾಗುವುದು ಹಠಾತ್ ಶಿಶುಮರಣದ ಅಪಾಯವನ್ನೂ ಹೆಚ್ಚಿಸುತ್ತದೆ, ಆದ್ದರಿಂದ ಇದು ಚರ್ಮಕ್ಕಷ್ಟೇ ಸಂಬಂಧಿಸಿದ ಮಾತಲ್ಲ. ಡೈಪರನ್ನು ಹಗಲಲ್ಲಿ ಆದಷ್ಟು ಹೊತ್ತು ಬಿಚ್ಚಿಡಲಿ. ತಾಯಿಯ ತೋಳು, ಮಗುವಿನ ಕೆನ್ನೆಯ ನಡುವೆ ಒಂದು ಮಡಿಸಿದ ಹತ್ತಿಬಟ್ಟೆ ಇರಲಿ, ಒದ್ದೆಯಾದಂತೆ ಬದಲಿಸಲಿ.

ಅಜ್ಜಿಗೆ ಫ್ಯಾನಿನ ಬಗ್ಗೆ ಅನುಮಾನವಿತ್ತು. 'ಗಾಳಿ ತಾಗಿದರೆ ಶೀತ ಆಗಲ್ವೇನಪ್ಪ?' ಎಂದು ಕೇಳಿದರು. 'ಇಲ್ಲಮ್ಮ, ನೆಗಡಿ ತರುವುದು ವೈರಸ್ಸು, ಗಾಳಿಯಲ್ಲ. ನೆಗಡಿಯಾದವರು ಮಗುವಿನ ಮುಖದ ಹತ್ತಿರ ಬರದಿದ್ದರೆ ಸಾಕು. ಒಂದೆರಡು ಸೀನು ಎಳೆಮಕ್ಕಳು ಮೂಗು ಚೊಕ್ಕ ಮಾಡಿಕೊಳ್ಳುವ ರೀತಿ' ಎಂದೆ. ಮಗುವಿಗೆ ಚಳಿಯೋ ಸೆಕೆಯೋ ಎಂದು ಅವರು ಅಂಗೈ-ಅಂಗಾಲು ಮುಟ್ಟಿ ನೋಡುತ್ತಿದ್ದರು. ಎಳೆಕೂಸಿನ ಕೈಕಾಲು ಸಾಮಾನ್ಯವಾಗಿಯೇ ತಣ್ಣಗಿರುತ್ತದೆ. ಅದನ್ನು ನಂಬಿದರೆ ಬಟ್ಟೆ ಏರುತ್ತಲೇ ಹೋಗುತ್ತದೆ. ಅಜ್ಜಿಯ ಬೆರಳನ್ನು ಕೂಸಿನ ಕತ್ತಿನ ಹಿಂಭಾಗಕ್ಕೆ ಇಡಿಸಿದೆ. ಅಲ್ಲಿ ಬೆಚ್ಚಗೆ, ಒಣಗಿದ್ದರೆ ಸರಿ. ಬಿಸಿಯಾಗಿ ಒದ್ದೆಯಿದ್ದರೆ ಒಂದು ಪದರ ತೆಗೆಯಬೇಕು. ಅವರು ಅದನ್ನು ಚೆನ್ನಾಗಿ ಹಿಡಿದುಕೊಂಡರು. ಮುಂದಿನ ಸಲ ಬಂದಾಗ ನಾನು ಕೇಳುವ ಮೊದಲೇ ಕತ್ತು ಮುಟ್ಟಿ ತೋರಿಸಿದರು. ಫ್ಯಾನಿಗೂ ಒಂದು ಮಿತಿಯಿದೆ: ಗಾಳಿಯೇ ಮೈಗಿಂತ ಬಿಸಿಯಿರುವ ಹೊತ್ತಿನಲ್ಲಿ ಅದೊಂದನ್ನೇ ನೆಚ್ಚದೆ ಒದ್ದೆಬಟ್ಟೆಯಿಂದ ಮೈ ಒರೆಸಬೇಕು, ಇದ್ದುದರಲ್ಲಿ ತಂಪಾದ ಕೋಣೆಗೆ ಹೋಗಬೇಕು.

ಸೆಕೆಗೆಂದು ನೀರು ಕುಡಿಸಬೇಕೇ ಎಂದೂ ಕೇಳಿದರು. ಆರು ತಿಂಗಳವರೆಗೆ ಬೇಡ. ಎದೆಹಾಲನ್ನೇ ಹೆಚ್ಚು ಸಲ ಕೊಟ್ಟರೆ ಸಾಕು.

ಪೌಡರ್ ವಿಷಯದಲ್ಲಿ ನಾನು ಕಟ್ಟುನಿಟ್ಟು. ಟಾಲ್ಕಂನ ನುಣುಪು ಕಣಗಳು ಕೂಸಿನ ಶ್ವಾಸಕ್ಕೆ ಹೋದರೆ ಪುಪ್ಪುಸಕ್ಕೆ ಹಾನಿ. ಬೆವರುಸಾಲೆಗೆಂದೇ ಸಿಗುವ, ಹಾಕಿದೊಡನೆ ತಣ್ಣಗೆನಿಸುವ ಪೌಡರುಗಳಲ್ಲಿ ಮೆಂಥಾಲ್, ಕರ್ಪೂರ, ಬೋರಿಕ್ ಆಮ್ಲ, ಸ್ಯಾಲಿಸಿಲಿಕ್ ಆಮ್ಲದಂಥವು ಇರಬಹುದು. ದೊಡ್ಡವರಿಗೆ ಹಿತವಾದದ್ದು ಕೂಸಿಗೆ ವಿಷವಾಗಬಲ್ಲದು. ಕೂಸಿನ ತೆಳುಚರ್ಮ, ಅದರಲ್ಲೂ ಗುಳ್ಳೆಯೊಡೆದ ಚರ್ಮ ಇವನ್ನು ಬೇಗ ಒಳಗೆಳೆದುಕೊಳ್ಳುತ್ತದೆ. ಆ ಮೂರು ಬೆರಕೆಯ ಕ್ರೀಮನ್ನು ಇನ್ನು ಮಗುವಿನ ಹತ್ತಿರ ತರಬೇಡಿ ಎಂದು ಹೇಳಿ ಕಾರಣವನ್ನೂ ವಿವರಿಸಿದೆ. ಮಡಿಕೆಗಳಲ್ಲಿ, ಡೈಪರಿನಡಿ ಸ್ಟೀರಾಯ್ಡ್ ಹೀರಿಕೆ ಹೆಚ್ಚು, ಚರ್ಮ ತೆಳುವಾಗುತ್ತದೆ, ಶಿಲೀಂಧ್ರ ಇದ್ದರೆ ಮುಚ್ಚಿಕೊಂಡು ಹಬ್ಬುತ್ತದೆ. ಉರಿಯೂತ ತೀರಾ ಹೆಚ್ಚಿದ್ದರೆ ಮೆದು ಹೈಡ್ರೊಕಾರ್ಟಿಸೋನನ್ನು ಕೆಲವೇ ದಿನ ಬರೆಯುವುದುಂಟು. ಇಲ್ಲಿ ಅದರ ಅಗತ್ಯ ಕಾಣಲಿಲ್ಲ.

ಯಾವಾಗ ಕಾಯದೆ ಬರಬೇಕು ಎಂಬುದನ್ನು ಚೀಟಿಯ ಹಿಂದೆ ದೊಡ್ಡದಾಗಿ ಬರೆದುಕೊಟ್ಟೆ: ಮೈ 38 ಡಿಗ್ರಿ ಮುಟ್ಟಿದರೆ, ಹಾಲು ಬಿಟ್ಟರೆ, ಎಬ್ಬಿಸಿದರೂ ಎಚ್ಚರವಾಗದಷ್ಟು ಮಂಕಾದರೆ, ಗುಳ್ಳೆಗಳ ಸುತ್ತ ಕೆಂಪು ಹರಡುತ್ತ ಊದಿಕೊಂಡರೆ, ಹಳದಿ ಹಕ್ಕಳೆ ಕಟ್ಟಿದರೆ, ನೀರುಗುಳ್ಳೆಗಳು ಗೊಂಚಲುಗಟ್ಟಿದರೆ, ಗಾಜಿನ ಲೋಟ ಒತ್ತಿ ನೋಡಿದರೂ ಮಾಯದ ನೇರಳೆ ಚುಕ್ಕೆಗಳು ಕಂಡರೆ.

ನಾಲ್ಕನೆಯ ದಿನ: ಬೆನ್ನು ಕೇಳಲಿಲ್ಲ

ಕತ್ತು, ಎದೆ, ಕಂಕುಳು ಬಹುಮಟ್ಟಿಗೆ ತಿಳಿಯಾಗಿದ್ದವು. ಹಣೆಯ ನೀರುಗುಳ್ಳೆಗಳು ಎರಡೇ ದಿನದಲ್ಲಿ ಸಣ್ಣ ಹೊಟ್ಟಾಗಿ ಉದುರಿದ್ದವಂತೆ. ಬಲಗೆನ್ನೆಯಲ್ಲಿ ಗುರುತಷ್ಟೇ ಉಳಿದಿತ್ತು. ಆದರೆ ಬೆನ್ನು ಹಾಗೇ ಇತ್ತು, ಒಂದು ಕಡೆ ಹೊಸ ಗುಳ್ಳೆಗಳೂ ಎದ್ದಿದ್ದವು. ತಾಯಿ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದ್ದರು. 'ಇನ್ನಾದರೂ ಏನಾದರೂ ಹಚ್ಚಲು ಕೊಡಿ' ಎಂದು ಅವರ ಕಣ್ಣಲ್ಲಿ ನೀರು ತುಂಬಿತು. ಏಳು ವಾರ ಸರಿಯಾಗಿ ನಿದ್ದೆಯಿಲ್ಲದ ತಾಯಿ. ಇಂಥ ಹೊತ್ತಿನಲ್ಲೇ ಒಂದು ಕ್ರೀಮು ಬರೆದು ಕಳಿಸುವ ಸೆಳೆತ ನಮಗೂ ಬರುವುದು.

ಒಂದೇ ಮೈ, ಒಂದೇ ಸ್ನಾನ, ಒಂದೇ ಅಂಗಿ. ಮುಂದೆ ವಾಸಿಯಾಗಿ ಹಿಂದೆ ಉಳಿದಿದೆ ಎಂದರೆ, ಹಿಂದೆ ಮಾತ್ರ ತಾಗುವ ಏನೋ ಇದೆ. ಕೂಸು ದಿನದ ಬಹುಭಾಗ ಬೆನ್ನ ಮೇಲೆ ಮಲಗಿರುತ್ತದೆ. ಹಾಸಿಗೆ ಹೇಗಿದೆ ಎಂದು ಕೇಳಿದರೆ 'ತೆಳು ಹತ್ತಿಬಟ್ಟೆ ಹಾಸಿದ್ದೇವೆ' ಎಂದರು. ಅದರ ಕೆಳಗೆ? ತಂದೆ ಮನೆಗೆ ಫೋನ್ ಮಾಡಿ ಫೋಟೊ ತರಿಸಿದರು. ಹತ್ತಿಬಟ್ಟೆಯ ಕೆಳಗೆ, ಹಾಸಿಗೆ ಒದ್ದೆಯಾಗದಿರಲೆಂದು, ಒಂದು ರಬ್ಬರ್ ಶೀಟು. ಹೆಗಲಿಂದ ಸೊಂಟದವರೆಗೆ ಅಡ್ಡಲಾಗಿ ಹಾಸಿತ್ತು. ಅದು ಬೆವರನ್ನು ಕೆಳಗಿಳಿಯಲು ಬಿಡದೆ, ಮೇಲಿನ ತೆಳುಬಟ್ಟೆಯನ್ನು ಒದ್ದೆ ಮಾಡಿ, ಆ ಒದ್ದೆಯ ಮೇಲೆ ಕೂಸಿನ ಬೆನ್ನನ್ನು ಗಂಟೆಗಟ್ಟಲೆ ಇರಿಸುತ್ತಿತ್ತು. ಪ್ರಯೋಗದಲ್ಲಿ ಪ್ಲಾಸ್ಟಿಕ್ ಸುತ್ತಿದ್ದಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ.

ರಬ್ಬರ್ ಶೀಟನ್ನು ತೆಗೆದು, ಸೊಂಟದ ಕೆಳಗೆ ಮಾತ್ರ ನೀರು ಹೀರುವ ದಪ್ಪ ಹತ್ತಿಬಟ್ಟೆಯ ಎರಡು ಮಡಿಕೆ ಹಾಕಲು ಹೇಳಿದೆ. ಹಾಸಿಗೆ ಒಂದೆರಡು ಸಲ ಒದ್ದೆಯಾದರೆ ಆಗಲಿ. ಬೆನ್ನಿಗೆ ಗಾಳಿಯಾಡಲೆಂದು ಮಗುವನ್ನು ಬೋರಲು ಮಲಗಿಸೋಣವೇ ಎಂದು ತಂದೆ ಕೇಳಿದರು. ಸಹಜವಾದ ಯೋಚನೆ, ಆದರೆ ಖಂಡಿತ ಕೂಡದು. ನಿದ್ದೆಗೆ ಬೆನ್ನ ಮೇಲೆಯೇ ಮಲಗಬೇಕು. ಬೋರಲು ಮಲಗಿದ ಎಳೆಕೂಸಿನ ಜೀವಕ್ಕಿರುವ ಅಪಾಯದ ಮುಂದೆ ಬೆವರುಸಾಲೆ ಏನೇನೂ ಅಲ್ಲ. ಎಚ್ಚರವಿದ್ದಾಗ, ದೊಡ್ಡವರು ಪಕ್ಕದಲ್ಲೇ ಕೂತು ನೋಡುತ್ತಿರುವಾಗ, ಸ್ವಲ್ಪ ಹೊತ್ತು ಬೋರಲು ಆಡಿಸಬಹುದು. ಅಷ್ಟು ಹೊತ್ತು ಬೆನ್ನಿಗೆ ಗಾಳಿಯೂ ಸಿಕ್ಕೀತು.

ನಾಲ್ಕು ವರ್ಷದ ಅಣ್ಣ

ಅದೇ ದಿನ ತಾಯಿ, 'ಇವನಿಗೂ ಇದೆ, ನೋಡ್ತೀರಾ?' ಎಂದು ದೊಡ್ಡ ಮಗನ ಅಂಗಿ ಎತ್ತಿದರು. ಹುಡುಗನ ಸೊಂಟದ ಸುತ್ತ ಚಡ್ಡಿಯ ಎಲಾಸ್ಟಿಕ್ ಕೂರುವಲ್ಲಿ ಒಂದು ಪಟ್ಟಿ. ಬೆನ್ನಿನಲ್ಲಿ ಶಾಲೆಯ ಚೀಲ ಒತ್ತುವಷ್ಟೇ ಅಗಲದ ಒಂದು ಹರವು. ಇವನು ತುರಿಸಿಕೊಂಡು ಒಂದೆರಡು ಕಡೆ ಗಾಯ ಮಾಡಿಕೊಂಡಿದ್ದ, ಒಂದರ ಮೇಲೆ ಹಳದಿ ಹಕ್ಕಳೆ. ತಂಗಿಯ ಬಿಳಿತುದಿಯ ಗುಳ್ಳೆಗಳಲ್ಲಿ ಇಲ್ಲದ ಸೋಂಕು ಅಣ್ಣನ ಈ ಒಂದು ಗಾಯದಲ್ಲಿತ್ತು. ಅಷ್ಟು ಜಾಗಕ್ಕೆ ಮಾತ್ರ ಕೆಲವು ದಿನ ಆ್ಯಂಟಿಬಯಾಟಿಕ್ ಮುಲಾಮು, ಗುಣವಾಗುವವರೆಗೆ ತಂಗಿಯನ್ನು ಮುಟ್ಟುವ ಮುನ್ನ ಕೈತೊಳೆಯುವುದು, ಉಗುರು ಗಿಡ್ಡ. ಉಳಿದ ಕಡೆ ತುರಿಕೆಗೆ ಕ್ಯಾಲಮೈನ್ ಲೋಷನ್ನನ್ನು ತೆಳುವಾಗಿ ಹಚ್ಚಲು ಹೇಳಿದೆ. ಆಟವಾಡಿ ಬಂದೊಡನೆ ಒದ್ದೆ ಬನಿಯನ್ ಬದಲಿಸಬೇಕು. ಬೆವರು ಹೀರದ ನೈಲಾನ್ ಅಂಗಿಯ ಬದಲು ಹತ್ತಿಯದು. ಹೊರಗೆ ಆಟವೇ ಬೇಡ ಎಂದು ನಾನು ಹೇಳಲಿಲ್ಲ. ಬಿಸಿಲಿಳಿದ ಮೇಲೆ ಆಡಿದರಾಯಿತು.

ಮುಂದಿನ ದಿನಗಳು

ರಬ್ಬರ್ ಶೀಟು ಹೋದ ಮೂರನೆಯ ದಿನಕ್ಕೆ ತಂದೆ ಬೆನ್ನಿನ ಫೋಟೊ ಕಳಿಸಿದರು. ಹೊಸ ಗುಳ್ಳೆ ಇರಲಿಲ್ಲ, ಹಳೆಯವು ಬಾಡಿದ್ದವು. ಎರಡು ವಾರದ ಹೊತ್ತಿಗೆ ಬೆನ್ನಿನಲ್ಲಿ ಸಣ್ಣ ಹೊಟ್ಟು, ಅಲ್ಲಲ್ಲಿ ತುಸು ಕಂದು ಬಣ್ಣ ಮಾತ್ರ. ಬಣ್ಣ ತಾನಾಗಿ ತಿಳಿಯಾಗುತ್ತದೆ, ಅದಕ್ಕೂ ಏನೂ ಹಚ್ಚಬೇಕಿಲ್ಲ ಎಂದು ಮತ್ತೊಮ್ಮೆ ಹೇಳಬೇಕಾಯಿತು.

ಒಂದು ಎಚ್ಚರಿಕೆ ಮಾತ್ರ ಉಳಿದಿತ್ತು. ಗುಳ್ಳೆ ಮಾಯವಾದೊಡನೆ ನಾಳ ಪೂರ್ತಿ ತೆರೆದಿರುತ್ತದೆ ಎಂದಲ್ಲ. ಕಟ್ಟಿಕೊಂಡ ಮೇಲ್ಪದರ ಉದುರಿ ಹೊಸದು ಬರಲು ಇನ್ನೂ ಒಂದೆರಡು ವಾರ ಹಿಡಿಯಬಹುದು. ಅಲ್ಲಿಯವರೆಗೆ ಆ ಜಾಗ ಸರಿಯಾಗಿ ಬೆವರುವುದಿಲ್ಲ. ಈ ನಡುವೆ ಮತ್ತೆ ಹೊದಿಸಿ ಸುತ್ತಿದರೆ ಅರ್ಧ ದಿನದಲ್ಲೇ ಗುಳ್ಳೆ ಮರಳಬಹುದು. ಹಾಗೆ ಮರಳಿದರೆ ಚಿಕಿತ್ಸೆ ಸೋತಿತು, ರೋಗ ಹಟ ಹಿಡಿಯಿತು ಎಂದು ತಿಳಿಯಬಾರದು. ಎಲ್ಲಿ ಎದ್ದಿದೆ ಎಂದು ಮೊದಲು ನೋಡಿ, ಆ ಜಾಗಕ್ಕೆ ತಾಗುತ್ತಿರುವುದು ಏನೆಂದು ಹುಡುಕಬೇಕು. ಮೈ ತಂಪಾಗಿರಿಸಿದ ಮೇಲೂ ಮೂರು ನಾಲ್ಕು ದಿನದಲ್ಲಿ ಇಳಿಮುಖವಾಗದಿದ್ದರೆ ಕರೆತನ್ನಿ ಎಂದು ಹೇಳಿ, ಮುಂದಿನ ಲಸಿಕೆಯ ದಿನ ಬೆನ್ನನ್ನೂ ಒಮ್ಮೆ ನೋಡುವುದೆಂದು ದಾಖಲೆಯಲ್ಲಿ ಬರೆದಿಟ್ಟೆವು.